ಹೊಸ ತೊಗಲು ಮೈಗೆ ಹೊಂದುವವರೆಗೆ

ಚಿಕ್ಕಬಳ್ಳಾಪುರ
ಡಿಸೆಂಬರ್, ಭಾನುವಾರ

ಪ್ರೀತಿಯ ಗೆಳೆಯ,

ಲೆದರ್ ಜಾಕೆಟ್ ಹಾಕಿಕೊಂಡರೆ ಕೈ ಮಡಚೋಕೇ ಆಗ್ತಿಲ್ಲ, ಕಾಲರ್ ಕುತ್ತಿಗೆಗೆ ಒತ್ತುತ್ತೆ, ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂತ ಬರೆದಿದ್ದೀಯ. ಕೊಡಬೇಡ ಕಣೋ. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು ಅದು. ಇನ್ನೊಂದು ತಿಂಗಳು ತಡಕೋ.

ಮೊದಲು ಅಳತೆ ನೋಡಿಕೋ. ಹೆಗಲ ಹೊಲಿಗೆ ನಿನ್ನ ಹೆಗಲ ಮೂಳೆಯ ತುದಿಗೆ ಕೂತಿದೆಯಾ? ಒಳಗೆ ತೆಳು ಸ್ವೆಟರ್ ಇದ್ದರೂ ಜಿಪ್ ಏರುತ್ತಾ? ಹಾಗಿದ್ದರೆ ಅಳತೆ ಸರಿ, ತೊಗಲು ಮಾತ್ರ ಬಿಗಿ. ಹೆಗಲೇ ಚಿಕ್ಕದಾಗಿದ್ದರೆ ಎಷ್ಟು ತೊಟ್ಟರೂ ಹಿಗ್ಗಲ್ಲ, ಆಗ ಬದಲಾಯಿಸು. ನಿಂತಾಗ ತೋಳು ಒಂಚೂರು ಉದ್ದ ಅನ್ನಿಸಿದರೆ ಯೋಚನೆ ಬೇಡ; ಬೈಕ್ ಹ್ಯಾಂಡಲ್ ಹಿಡಿದಾಗ ಮೇಲೇರುತ್ತೆ, ಮೊಣಕೈಯಲ್ಲಿ ನೆರಿಗೆ ಬಿದ್ದ ಮೇಲೆ ಇನ್ನಷ್ಟು ಏರುತ್ತೆ.

ನಿನ್ನ ಪತ್ರ ಓದುವಾಗ ತಾತನ ಕಪಿಲೆ ನೆನಪಾಯ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ನೀರು ಮೇಲೆ ಬರುತ್ತಿತ್ತಲ್ಲ, ಆ ನೀರು ಹೊರುತ್ತಿದ್ದ ತೊಗಲಿನ ಚೀಲ ಬಟ್ಟೆಯಷ್ಟು ಮೆತ್ತಗಿತ್ತಂತೆ. ನಮ್ಮ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಇದೆಯಲ್ಲ, ಅದರ ತೊಗಟೆಯಲ್ಲಿ ನೆನೆಸಿ ಹದ ಮಾಡಿದ ತೊಗಲು. ಪಂಪ್‌ಸೆಟ್ ಬಂದ ಮೇಲೆ ಅದನ್ನು ಕೊಟ್ಟಿಗೆಯ ಗೋಡೆಗೆ ನೇತುಹಾಕಿದರು. ತಾತ ಬಿಡದೆ ಹೊಂಗೆ ಎಣ್ಣೆ ಸವರುತ್ತಲೇ ಇದ್ದರು. ಆದರೂ ನಾನು ಕಂಡಾಗ ಅದು ಹಲಗೆಯ ಹಾಗೆ ಸೆಟೆದುಕೊಂಡಿತ್ತು. ಎಣ್ಣೆಗೆ ಕೊರತೆ ಇರಲಿಲ್ಲ, ಕೆಲಸವೇ ಇರಲಿಲ್ಲ ಅದಕ್ಕೆ.

ಈಗ ಬಟ್ಟೆಗೆ ಬಳಸೋ ತೊಗಲು ಹೆಚ್ಚಿನದು ಕ್ರೋಮ್ ಹದದ್ದು, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ತಂಗಡಿ ಹದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು, ಕ್ರೋಮ್‌ಗೆ ಒಂದೆರಡು ದಿನ ಸಾಕು. ಆದರೆ ಎರಡರ ಒಳಗೂ ಇರೋದು ಒಂದರೊಳಗೊಂದು ಹೆಣೆದುಕೊಂಡ ಸಣ್ಣ ಸಣ್ಣ ಎಳೆಗಳೇ. ಹದ ಮಾಡುವಾಗಲೇ ಅವಕ್ಕೆ ಬೇಕಾದ ಎಣ್ಣೆ ಕುಡಿಸಿರುತ್ತಾರೆ. ಮಡಚಿ ಬಿಚ್ಚಿ ಮಾಡಿದಷ್ಟೂ ಎಳೆಗಳು ಸಡಿಲ ಆಗ್ತಾವೆ. ಆ ಕೆಲಸ ನಿನ್ನ ಮೈಯೇ ಮಾಡಬೇಕು.

ಹಾಗಾಗಿ ದಿನಾ ಸಂಜೆ ಮನೆಯಲ್ಲೇ ಅರ್ಧ ಗಂಟೆ ತೊಡು. ತೊಟ್ಟುಕೊಂಡೇ ಕಾಫಿ ಕುಡಿ, ಕೈ ಕಟ್ಟಿ ಕೂರು, ಬಗ್ಗಿ ಶೂ ಲೇಸ್ ಕಟ್ಟು. ಮೈ ಬಿಸಿಗೆ ತೊಗಲು ಬೇಗ ಬಾಗುತ್ತೆ. ಬಿಚ್ಚಿದ ಮೇಲೆ ಅಗಲ ಹ್ಯಾಂಗರ್‌ಗೆ ಹಾಕು, ಮೊಳೆಗೆ ಬೇಡ. ಪ್ಲಾಸ್ಟಿಕ್ ಕವರ್‌ನಲ್ಲಂತೂ ಇಡಲೇಬೇಡ, ಬೂಷ್ಟು ಹಿಡಿಯುತ್ತೆ.

ನಾನು ಮಾಡಿದ ತಪ್ಪು ನೀನು ಮಾಡಬೇಡ. ನನ್ನ ಜಾಕೆಟ್‌ಗೆ ಆತುರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಾರಸಿಯ ಬಿಸಿಲಿಗೆ ಹಾಕಿದ್ದೆ. ನಮ್ಮ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗೋ ಎಣ್ಣೆ ಅದು. ಬಲತೋಳು ಕಪ್ಪು ಮಚ್ಚೆ ಮಚ್ಚೆ ಆಯ್ತು, ಬಿಸಿಲಿಗೆ ಒಣಗಿ ಮೊಣಕೈ ಹತ್ತಿರ ಬಿರುಕು ಬಿಟ್ಟಿತು. ಅಪ್ಪ ಕೊಡಿಸಿದ್ದದು. ಇವತ್ತಿಗೂ ಆ ತೋಳು ನೋಡಿದರೆ ಸಂಕಟ ಆಗುತ್ತೆ. ಹಚ್ಚಲೇಬೇಕು ಅನ್ನಿಸಿದರೆ ಲೆದರ್ ಕಂಡೀಷನರ್ ತಗೊಂಡು, ಕಾಲರ್ ಒಳಗೆ ಎಲ್ಲೋ ಕಾಣದ ಕಡೆ ಮೊದಲು ನೋಡು. ಆಮೇಲೆ ಹತ್ತಿ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ಮಾತ್ರ. ಮಳೆಗೆ ನೆನೆದರೆ ಒರೆಸಿ ನೆರಳಲ್ಲಿ ಒಣಗಿಸು.

ಸಂಕ್ರಾಂತಿಗೆ ಬಂದುಬಿಡು. ಬೆಳಗಿನ ಜಾವ ನಂದಿ ಕಡೆ ಹೊರಡೋಣ. ಭೋಗನಂದೀಶ್ವರನಿಗೆ ಕೈ ಮುಗಿದು, ಮಂಜು ಕಡಿಮೆ ಆದ ಮೇಲೆ ಬೆಟ್ಟ ಹತ್ತೋಣ. 1,478 ಮೀಟರ್ ಎತ್ತರದಲ್ಲಿ ಆ ಗಾಳಿಗೆ ಜಾಕೆಟ್ ಬೇಕೇ ಬೇಕು. ಅವರೆಕಾಯಿ ಕಾಲ, ಸೊಗಡು ಊರೆಲ್ಲ ತುಂಬಿದೆ. ವಾಪಸ್ ಬರೋ ಹೊತ್ತಿಗೆ ಅಮ್ಮ ಹಿತಕಿದ ಬೇಳೆ ಸಾರು ಮಾಡಿರ್ತಾಳೆ. ಆಗ ನಿನ್ನ ಮೊಣಕೈ ನೆರಿಗೆ ಎಷ್ಟು ಬಿದ್ದಿದೆ ನೋಡ್ತೀನಿ.

ನಿನ್ನ ಗೆಳೆಯ