ಇಪ್ಸ್‌ವಿಚ್‌ಗೆ ಹೋದ ಮ್ಯಾಚು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಕೂತುಕೊಂಡು, ದೊಡ್ಡ ದೊಡ್ಡ ಕ್ಲಬ್ಬುಗಳನ್ನೆಲ್ಲ ಬಿಟ್ಟು, ಇಲ್ಲಿನ ಫುಟ್‌ಬಾಲ್ ಲೀಗುಗಳಲ್ಲಿ ಮೇಲಿನಿಂದ ಆರನೇ ಹಂತದಲ್ಲಿ ಆಡುವ ಮೇಡ್‌ಸ್ಟೋನ್ ಯುನೈಟೆಡ್ ಹಿಂದೆ ಊರೂರು ಯಾಕೆ ಅಲೀತೀಯ ಅಂದೆಯಲ್ಲ. ನಾನಿರುವ ಊರಿನ ಟೀಮು ಅದು, ಅಷ್ಟೇ ಸಾಕು ನನಗೆ. ಆದರೆ 2024ರ ಜನವರಿ 27ರ ಎಫ್‌ಎ ಕಪ್ (ಸಣ್ಣ-ದೊಡ್ಡ ಕ್ಲಬ್ಬುಗಳೆಲ್ಲ ಒಟ್ಟಿಗೆ ಆಡುವ, ಸೋತವರು ಹೊರಬೀಳುವ ಟೂರ್ನಿ) ಮ್ಯಾಚಿನ ಕತೆ ಕೇಳಿದರೆ ನಿನಗೂ ಗೊತ್ತಾಗುತ್ತೆ.

ಮೊದಲು ಕ್ಲಬ್ಬಿನ ಕಷ್ಟ ಕೇಳು. 1988ರಲ್ಲಿ ಅವರ ಲಂಡನ್ ರೋಡ್ ಮೈದಾನವನ್ನು ಮಾರಿಬಿಟ್ಟರು. ಪಕ್ಕದ ಡಾರ್ಟ್‌ಫರ್ಡ್‌ನ ಮೈದಾನದಲ್ಲಿ ಬಾಡಿಗೆಗೆ ಆಡಿಕೊಂಡೇ 1989ರಲ್ಲಿ ದೇಶದ ಮೇಲಿನ ನಾಲ್ಕು ಡಿವಿಷನ್‌ಗಳ ಫುಟ್‌ಬಾಲ್ ಲೀಗ್‌ಗೆ ಬಡ್ತಿ ಪಡೆದರು. 1992ರಲ್ಲಿ ದುಡ್ಡಿಲ್ಲದೆ ಕ್ಲಬ್ಬೇ ಮುಚ್ಚಿಹೋಯಿತು. ಆಮೇಲೆ ನಮ್ಮ ಜಿಲ್ಲೆಯ ಕೆಂಟ್ ಕೌಂಟಿ ಲೀಗ್‌ನ ನಾಲ್ಕನೇ ಡಿವಿಷನ್‌ನಿಂದ ಮತ್ತೆ ಶುರು. ಸ್ವಂತ ಊರಿನಲ್ಲಿ ಸ್ವಂತ ಮೈದಾನ ಸಿಕ್ಕಿದ್ದು 2012ರಲ್ಲಿ. ಎರಡು ದಶಕಕ್ಕೂ ಜಾಸ್ತಿ ಮನೆಯಿಲ್ಲದ ಟೀಮನ್ನು ಜನ ಕೈಬಿಡಲಿಲ್ಲ ಮಾರಾಯ, ನೆನೆದರೆ ಈಗಲೂ ಗಂಟಲು ಕಟ್ಟುತ್ತೆ.

ಇನ್ನು ಆ ಎಫ್‌ಎ ಕಪ್ ಕತೆ. 2023ರ ಸೆಪ್ಟೆಂಬರ್‌ನ ಅರ್ಹತಾ ಸುತ್ತಿನಿಂದ ಆಡುತ್ತಾ ಬಂದು, ಮೂರನೇ ಸುತ್ತಿನಲ್ಲಿ ಸ್ಟೀವನೇಜನ್ನು 1-0 ಸೋಲಿಸಿ, ನಾಲ್ಕನೇ ಸುತ್ತಿಗೆ ಇಪ್ಸ್‌ವಿಚ್ ಸಿಕ್ಕಿತು. ಅವರು ಎರಡನೇ ಹಂತದಲ್ಲಿ ಪ್ರೀಮಿಯರ್ ಲೀಗ್ ಬಾಗಿಲಲ್ಲಿ ನಿಂತ ಟೀಮು. ನಮಗಿಂತ 98 ಸ್ಥಾನ ಮೇಲೆ. ಎಫ್‌ಎ ಕಪ್‌ನಲ್ಲಿ ಒಂದು ಒಳ್ಳೆಯ ನಿಯಮ ಇದೆ, ಹೊರಗಿಂದ ಆಡಲು ಬರುವ ಕ್ಲಬ್ಬು ತನ್ನ ಬೆಂಬಲಿಗರಿಗೆ ಮೈದಾನದ ಶೇ. 15ರಷ್ಟು ಸೀಟು ಕೇಳಬಹುದು. ಹಾಗಾಗಿ ಕೆಂಟ್‌ನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹೊರಟರು. ಕೋಚ್ ಬಸ್ಸಿನ ತುಂಬ ಹಳದಿ-ಕಪ್ಪು ಸ್ಕಾರ್ಫ್, ಮಕ್ಕಳು, ಅಜ್ಜಂದಿರು, ಚಿಪ್ಸ್ ಪೊಟ್ಟಣ, ಫ್ಲಾಸ್ಕಿನಲ್ಲಿ ಟೀ. ಗೆಲ್ಲುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಪ್ಸ್‌ವಿಚ್‌ನ ಮೈದಾನ ಪೋರ್ಟ್‌ಮನ್ ರೋಡ್‌ನ ಕೊಬ್ಬೋಲ್ಡ್ ಸ್ಟ್ಯಾಂಡಿನಲ್ಲಿ ನಮ್ಮ ಜಾಗ. ನನ್ನ ಪಕ್ಕ ಲಂಡನ್ ರೋಡ್ ಕಾಲದಿಂದಲೂ ಬರುತ್ತಿದ್ದ ಒಬ್ಬ ಹಿರಿಯರು. ಮ್ಯಾಚು ಶುರುವಾದದ್ದೇ ತಡ, ಬಿಟ್ಟೂಬಿಡದೆ ಇಪ್ಸ್‌ವಿಚ್ ದಾಳಿ. ನಮ್ಮ ಗೋಲ್‌ಕೀಪರ್ ಲೂಕಸ್ ಕೊವೊಲಾನ್, ಬ್ರೆಜಿಲ್‌ನವನು, ಕಾಲಲ್ಲಿ, ಕೈಯಲ್ಲಿ, ಎದೆಯಲ್ಲಿ, ಹೇಗೆ ಬಂತೋ ಹಾಗೆ ತಡೆದ. ಅಂಥದ್ದರಲ್ಲಿ 43ನೇ ನಿಮಿಷಕ್ಕೆ ನಮ್ಮ ಲಮಾರ್ ರೆನಾಲ್ಡ್ಸ್‌ಗೆ ಒಂದು ಚೆಂಡು ಸಿಕ್ಕಿತು. ಇಪ್ಸ್‌ವಿಚ್‌ನವರೆಲ್ಲ ಮುಂದೆ ನುಗ್ಗಿದ್ದರು, ಹಿಂದೆ ಮೈದಾನ ಖಾಲಿ. ಇವನು ಒಬ್ಬನೇ ಓಡಿದ, ಕೀಪರ್ ಎದುರಿಗೆ ಬಂದಾಗ ಜೋರಾಗಿ ಹೊಡೆಯದೆ ಸುಮ್ನೆ ಅವನ ತಲೆಯ ಮೇಲಿಂದ ಎತ್ತಿ ಹಾಕಿದ. ಚೆಂಡು ಬಲೆಗೆ ಬೀಳೋ ಹೊತ್ತಿಗೆ ಹಿಂದಿನ ಸಾಲಿನವರು ನನ್ನ ಮೈಮೇಲೆ ಬಿದ್ದಿದ್ದರು, ಯಾರ ಟೀನೋ ನನ್ನ ಜಾಕೆಟ್ ಮೇಲೆ.

56ನೇ ನಿಮಿಷಕ್ಕೆ ಇಪ್ಸ್‌ವಿಚ್‌ನ ಸಾರ್ಮಿಯೆಂಟೊ ಸಮ ಮಾಡಿದ. ಇನ್ನು ಮುಗೀತು ಅನ್ನಿಸಿತ್ತು. ಅದಾಗಿ ಹತ್ತು ನಿಮಿಷಕ್ಕೆ ನಮ್ಮ ಸ್ಯಾಮ್ ಕಾರ್ನ್ ಎರಡನೆಯದನ್ನು ಹೊಡೆದ! ಅದಾದ ಮೇಲೆ ಉಳಿದ ಹೊತ್ತು ಇದೆಯಲ್ಲ, ಅದನ್ನು ಹೇಗೆ ವಿವರಿಸಲಿ? ಪಕ್ಕದ ಹಿರಿಯರು ನನ್ನ ತೋಳು ಹಿಡಿದುಕೊಂಡೇ ಇದ್ದರು. ಬೆರಳುಗಳು ಬೆಳ್ಳಗಾಗುವಷ್ಟು ಬಿಗಿ. ಪ್ರತಿ ಕಾರ್ನರ್‌ಗೂ ಕಣ್ಣು ಮುಚ್ಚಿ, ಗದ್ದಲ ಕೇಳಿ ತಿಳಿದುಕೊಳ್ಳುತ್ತಿದ್ದರು. ಇಪ್ಸ್‌ವಿಚ್ 38 ಸಲ ಗೋಲಿಗೆ ಹೊಡೆಯಿತು, ನಮ್ಮವರು ಎರಡೇ ಸಲ, ಎರಡೂ ಗೋಲು. 2-1. ವಿಸಿಲ್ ಊದಿದಾಗ ನಮ್ಮ ಕೋಚ್ ಜಾರ್ಜ್ ಎಲೊಕೊಬಿ ಹುಡುಗರನ್ನು ಕರೆದುಕೊಂಡು ನಮ್ಮ ಸ್ಟ್ಯಾಂಡಿನ ಮುಂದೆ ಬಂದು ನಿಂತ. 1978ರ ಬ್ಲೈತ್ ಸ್ಪಾರ್ಟನ್ಸ್ ನಂತರ ಇಷ್ಟು ಕೆಳಗಿನ ಹಂತದ ಟೀಮು ಐದನೇ ಸುತ್ತಿಗೆ ಹೋಗಿರಲಿಲ್ಲ.

ಟಿವಿಯಲ್ಲಿ ನೋಡಿದ್ದರೆ ಒಂದು ಸಂತೋಷದ ಸುದ್ದಿ, ಅಷ್ಟೇ. ಬೇರೆಯವರ ಮೈದಾನದ ಒಂದು ಮೂಲೆಯಲ್ಲಿ ನಿಂತು, ಸುತ್ತಲಿನ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಸುಮ್ಮನಾದಾಗ ನಿಮ್ಮ ದನಿ ಮಾತ್ರ ಕೇಳಿಸುತ್ತಲ್ಲ, ಅದೇ ಬೇರೆ. ನಿನಗೆ ಇದನ್ನು ಹೇಳಬೇಕಾಗಿಲ್ಲ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿಯುವಂತೆ ಕೂಗಿದವನು ನೀನು. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್ಬುಗಳ ಟೂರ್ನಿ) ಫೈನಲ್‌ನಲ್ಲಿ ದೋಹಾದಲ್ಲಿ ಬೆಂಗಳೂರು ಎಫ್‌ಸಿ 1-0 ಸೋತಾಗ ನಿನಗೆ ವಾರಗಟ್ಟಲೆ ಊಟ ಸೇರಿರಲಿಲ್ಲ.

ಐದನೇ ಸುತ್ತಿನಲ್ಲಿ ಕೊವೆಂಟ್ರಿಯಲ್ಲಿ 5-0 ಸೋತೆವು. ಅವರ ಎಲಿಸ್ ಸಿಮ್ಸ್ ಒಬ್ಬನೇ ಮೂರು ಹೊಡೆದ. ಅಲ್ಲಿಗೂ ಸಾವಿರಾರು ಜನ ಹೋಗಿದ್ದೆವು, ಕೊನೆವರೆಗೂ ಹಾಡಿದೆವು. ನನಗೆ ಬೇಜಾರಾದದ್ದು ಆಮೇಲೆ, ಮುಂದಿನ ಸೀಸನ್‌ನಿಂದ ಎಫ್‌ಎ ಕಪ್‌ನ ಮೊದಲ ಸುತ್ತಿನಿಂದಲೇ ರಿಪ್ಲೇ, ಅಂದರೆ ಡ್ರಾ ಆದರೆ ಮತ್ತೊಮ್ಮೆ ಆಡುವ ಮ್ಯಾಚು, ಇಲ್ಲ ಅಂದಾಗ. ಟಿಕೆಟ್ ಮಾರಿ ಬಂದ ಗೇಟ್ ಹಣದಲ್ಲಿ ಎರಡೂ ಕ್ಲಬ್ಬಿಗೆ ಪಾಲಿರುತ್ತೆ. ದೊಡ್ಡ ಟೀಮಿನ ಜೊತೆ ಡ್ರಾ ಮಾಡಿಕೊಂಡು ಇನ್ನೊಂದು ಮ್ಯಾಚು ಸಿಕ್ಕಿದರೆ ಸಣ್ಣ ಕ್ಲಬ್ಬಿನ ವರ್ಷದ ಖರ್ಚೇ ನಡೆಯುತ್ತಿತ್ತು. ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲ ಅಂತ ಅದನ್ನು ಕಿತ್ತುಕೊಂಡದ್ದು ಅನ್ಯಾಯ, ನೀನೇ ಹೇಳು.

ಬೇಸಿಗೆ ಬಿಟ್ಟು ಯಾವಾಗ ಬಂದರೂ ಸರಿ, ಶನಿವಾರ ಇಲ್ಲಿರುವ ಹಾಗೆ ಟಿಕೆಟ್ ಮಾಡಿಸು. ದಪ್ಪ ಸಾಕ್ಸ್ ತಗೊಂಡು ಬಾ, ಸ್ಕಾರ್ಫ್ ನಾನು ಕೊಡಿಸುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ