ಏಣಿ ಲೆಕ್ಕದ ಪಕ್ಕದಲ್ಲಿ ಪಕಾಸಿ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ಮೊನ್ನೆ ರಾತ್ರಿ ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಬಿಡಿಸುತ್ತಿದ್ದಳು. ಪೈಥಾಗೊರಸ್ ಪ್ರಮೇಯ. "ಅಪ್ಪಾ, ಇದನ್ನು ಕಲಿತು ಏನು ಮಾಡೋದು?" ಎಂದಳು. ನಾನು ತೀರ್ಥಹಳ್ಳಿ ಕಡೆಯ ಬಡಗಿ, 30 ವರ್ಷದಿಂದ ಹೆಂಚಿನ ಮಾಡು, ಅಂದರೆ ಛಾವಣಿ, ಕಟ್ಟುತ್ತಿದ್ದೇನೆ. ಉತ್ತರ ಹೇಳಲಿಲ್ಲ. ಭಾನುವಾರ ಅವಳನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋದೆ.

ಅಲ್ಲಿ ಒಂದು ಸಣ್ಣ ಸೌದೆ ಕೊಟ್ಟಿಗೆ ಏಳುತ್ತಿತ್ತು. ಎರಡೂ ಗೋಡೆ ತೊಲೆಗಳ ಹೊರ ಅಂಚಿನಿಂದ ಹೊರ ಅಂಚಿಗೆ 10 ಅಡಿ, ಅರ್ಧಕ್ಕೆ 5 ಅಡಿ. ಅಡ್ಡಕ್ಕೆ ಒಂದು ಅಡಿ, ಅಂದರೆ 12 ಅಂಗುಲ, ಹೋದರೆ ಮಾಡಿಗೆ 9 ಅಂಗುಲ ಏರು. ನಮ್ಮ ಕಡೆಯ ಮಳೆಗೆ ವಾಟ (ಇಳಿಜಾರು) ಕಡಿಮೆಯಾದರೆ ಗಾಳಿ ಹೊಡೆದಾಗ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. 12ರ ವರ್ಗ 144, 9ರ ವರ್ಗ 81, ಕೂಡಿಸಿದರೆ 225. ಅದು 15ರ ವರ್ಗ. ಅಂದರೆ ಅಡ್ಡಕ್ಕೆ ಒಂದು ಅಡಿ ಹೋದರೆ ಪಕಾಸಿ, ಅದೇ ನೆತ್ತಿಯಿಂದ ಸೂರಿಗೆ ಓರೆಯಾಗಿ ಇಳಿಯುವ ಮರ, 15 ಅಂಗುಲ ಓಡುತ್ತದೆ. 5 ಅಡಿಗೆ 75 ಅಂಗುಲ. ಮಗಳೇ ಹೇಳಿದಳು.

ಮಾಡಿನ ತುದಿಯಲ್ಲಿ ಉದ್ದಕ್ಕೆ ಓಡುವ ನೆತ್ತಿಯ ಹಲಗೆ 2 ಅಂಗುಲ ದಪ್ಪ. ಪಕಾಸಿಗಳು ಎರಡೂ ಕಡೆಯಿಂದ ಅದಕ್ಕೆ ಆತು ನಿಲ್ಲುವುದರಿಂದ ಒಂದೊಂದರಲ್ಲಿ 1 ಅಂಗುಲ ಕಳೆಯಬೇಕು. ಹೊಸಬರು ತಪ್ಪುವುದು ಇಲ್ಲೇ. ಅದನ್ನು ಪಕಾಸಿಯ ಉದ್ದಕ್ಕೆ ಅಳೆಯಬಾರದು, ಕೊಯ್ಯುವ ಗೆರೆಗೆ ನೇರ ಅಡ್ಡಲಾಗಿ ಅಳೆಯಬೇಕು. ಉದ್ದದಲ್ಲಿ ಅದು ಒಂದೂಕಾಲು ಅಂಗುಲ ಆಗುತ್ತದೆ. ಉಳಿಯಿತು 73 ಮುಕ್ಕಾಲು. ಸೂರು 2 ಅಡಿ ಹೊರಗೆ ಬರಲು ಇನ್ನೂ 30 ಅಂಗುಲ. ಓರೆ ಕೊಯ್ತಕ್ಕೆ 3 ಅಂಗುಲ ಸೇರಿಸಿದರೂ 9 ಅಡಿ ತುಂಡು ಸಾಕು. ಅಂದಾಜಿನ ಮೇಲೆ 10 ಅಡಿ ತರಿಸಿದ್ದರೆ ಪ್ರತಿ ತುಂಡಿನಲ್ಲೂ ಒಂದು ಅಡಿ ಮರ ಒಲೆಗೇ ಅಲ್ವಾ?

ಮಗಳು ಎಲ್ ಆಕಾರದ ಮೂಲೆಮಟ್ಟದ ಒಂದು ತೋಳಿನಲ್ಲಿ 12, ಇನ್ನೊಂದರಲ್ಲಿ 9 ಹಿಡಿದು ಮರದ ಅಂಚಿಗೆ ಇಟ್ಟಳು. 9ರ ಬದಿಗೆ ಎಳೆದದ್ದು ತೂಕದ ಗುಂಡಿನ ಗೆರೆ (ಮಾಡಿನಲ್ಲಿ ನೆಟ್ಟಗೆ ನಿಲ್ಲುವುದು), 12ರ ಬದಿಯದು ರಸಮಟ್ಟದ ಗೆರೆ (ಮಟ್ಟವಾಗಿ ಇರುವುದು). ಗೋಡೆ ತೊಲೆಯ ಮೇಲೆ ಕೂರುವ ಕಚ್ಚಿಗೂ ಅದೇ ಲೆಕ್ಕ: ಅಡ್ಡಕ್ಕೆ 2 ಅಂಗುಲ, ನೆಟ್ಟಗೆ ಒಂದೂವರೆ. ಪಕಾಸಿ 4 ಅಂಗುಲ ಅಗಲ. ಮರದ ಅಂಚಿನಿಂದ ನೇರ ಒಳಕ್ಕೆ ಅಳೆದರೆ ಕಚ್ಚಿನ ಆಳ ಒಂದೂಕಾಲು ಅಂಗುಲಕ್ಕಿಂತ ಕಡಿಮೆ; ಅದು ಅಗಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದರೆ ಸೂರಿನ ಕಡೆ ಸೀಳುತ್ತದೆ. ಜೋಡಿ ನಿಲ್ಲಿಸಿ ಗುಂಡು ಇಳಿಬಿಟ್ಟೆವು. ನೆತ್ತಿಯ ಕೊಯ್ತದ ಪಕ್ಕದಲ್ಲಿ ದಾರ ಅಲ್ಲಾಡದೆ ನಿಂತಿತು. ಅವಳು ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತಳು.

ಕಳೆದ ಮಳೆಗಾಲದಲ್ಲಿ ಒಬ್ಬರ ಕೊಟ್ಟಿಗೆ ರಿಪೇರಿಗೆ ಹೋಗಿದ್ದೆ. 11 ಜೋಡಿ ಪಕಾಸಿ. ಮೊದಲನೆಯದನ್ನು ಮಾದರಿ ಮಾಡಿ ಎತ್ತಿಡುವ ಬದಲು, ಪ್ರತಿಯೊಂದನ್ನೂ ಅದರ ಹಿಂದಿನದರ ಮೇಲಿಟ್ಟು ಗೆರೆ ಹಾಕಿದ್ದರು. ಪೆನ್ಸಿಲ್ ಗೆರೆಯ ದಪ್ಪ ಸೇರುತ್ತಾ ಹೋಗಿ ಕೊನೆಯದು ಮುಕ್ಕಾಲು ಅಂಗುಲ ಜಾಸ್ತಿ ಉದ್ದ. ನೆತ್ತಿ ಒಂದು ಕಡೆ ಎದ್ದು, ಹೆಂಚು ಕೂರದೆ, ಕರುವಿನ ಮೈಮೇಲೆ ನೀರು. ಕೊಯ್ದ ಹುಡುಗ ಸೋಮಾರಿಯಲ್ಲ, ಎಸೆಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದವನು. ಏಣಿಯ ಲೆಕ್ಕ ಅವನಿಗೆ ಖಂಡಿತ ಬರುತ್ತಿತ್ತು. ಅದೇ ಲೆಕ್ಕ ಮಾಡಿನಲ್ಲೂ ಇದೆ ಎಂದು ಯಾರೂ ತೋರಿಸಿರಲಿಲ್ಲ.

ಪಠ್ಯ ಬರೆಯುವವರಲ್ಲಿ, ಗಣಿತ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಏಣಿಯ ಪಕ್ಕದಲ್ಲಿ ಒಂದು ಪಕಾಸಿಯ ಲೆಕ್ಕ ಕೊಡಿ. ಮಕ್ಕಳನ್ನು ಒಂದು ದಿನ ಮಾಡು ಕಟ್ಟುವ ಕಡೆ ಕರೆತನ್ನಿ. ನಮ್ಮ ತಾಲೂಕಿನ ಯಾವ ಶಾಲೆಯವರು ಬಂದರೂ ಮರ, ಮೂಲೆಮಟ್ಟ, ಗರಗಸ ನಾನು ಕೊಡುತ್ತೇನೆ. ದೀಪಾವಳಿ ಕಳೆದ ಮೇಲೆ ಬಂದರೆ ಒಳ್ಳೆಯದು. ಆಗ ಮರ ಒಣಗಿರುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ.

ಇತಿ,
ಒಬ್ಬ ಬಡಗಿ, ತೀರ್ಥಹಳ್ಳಿ ತಾಲೂಕು