ಕೊಳ್ಳಬೇಡಿ ಎನ್ನುವ ಮೊದಲು

ಮ್ಯಾಡಿಸನ್, ಅಮೆರಿಕ
ಅಕ್ಟೋಬರ್ 12

ಪ್ರೀತಿಯ ಅಮ್ಮ,

ನಿನ್ನ ಮಂಡಿನೋವು ಹೇಗಿದೆ? ಅಜ್ಜಿ ಮದ್ದೂರಿನಿಂದ ಬಂದರೇ? ಇಲ್ಲಿ ಚಳಿ ಶುರುವಾಗಿದೆ. ದಪ್ಪ ಅಂಗಿಯೊಂದನ್ನು ಕೊಳ್ಳೋಣವೆಂದು ವಿಶ್ವವಿದ್ಯಾಲಯದ ಅಂಗಡಿಗೆ ಹೋದವಳು ಬರಿಗೈಯಲ್ಲಿ ವಾಪಸಾದೆ.

ಅಂಗಿ ಕೈಗೆ ಬಂದ ಕೂಡಲೇ ನೀನು ಕಲಿಸಿದಂತೆ ಒಳಮೈ ತಿರುವಿ ನೋಡಿದೆ. ತೋಳು ಕೂಡುವಲ್ಲಿ ಓವರ್‌ಲಾಕ್ ಹೊಲಿಗೆ, ಕಂಕುಳ ಹತ್ತಿರ ಕತ್ತರಿಸದೆ ಉಳಿದ ಒಂದೆಳೆ ದಾರ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ನಿನ್ನ ಜಡೆಯಲ್ಲಿ ಇಂಥವೇ ಬಣ್ಣಬಣ್ಣದ ದಾರದ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು. ನಾನೂ ತಂಗಿಯೂ ಕುಳಿತು ಅವನ್ನು ಹೆಕ್ಕುತ್ತಿದ್ದೆವು. ಎದ್ದು ಹೋದರೆ ಪೀಸು ಕಡಿಮೆಯಾಗಿ ಸೂಪರ್‌ವೈಸರ್ ಬಯ್ಯುತ್ತಾನೆಂದು ನೀನು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಅದು ನಮಗೆ ಗೊತ್ತಾದದ್ದು ನಿನಗೆ ಕಿಡ್ನಿಯಲ್ಲಿ ಕಲ್ಲಾದ ಮೇಲೆ.

ಕಳೆದ ವಾರ ಇಲ್ಲಿಯ ವಿದ್ಯಾರ್ಥಿಗಳ ಸಭೆಯಲ್ಲಿ ಒಬ್ಬ ಹುಡುಗ, ಇಂಥ ಕಾರ್ಖಾನೆಗಳ ಬಟ್ಟೆಯನ್ನು ಯಾರೂ ಕೊಳ್ಳಲೇಬಾರದು ಎಂದ. ಫೋನಿನಲ್ಲಿ ಅದನ್ನು ಹೇಳಿದಾಗ ನೀನು ಏನೆಂದೆ, ನೆನಪಿದೆಯೇ? “ಆರ್ಡರ್ ನಿಂತರೆ ಮಾಲೀಕರ ಮನೆಯ ಒಲೆ ಆರುವುದಿಲ್ಲ, ನಮ್ಮದು ಆರುತ್ತದೆ.” ಆ ಮಾತನ್ನು ಮರುದಿನ ಸಭೆಯಲ್ಲಿ ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆಮೇಲೆ ಹಿರಿಯ ವಿದ್ಯಾರ್ಥಿನಿಯೊಬ್ಬಳು ಹೊಂಡುರಾಸ್ ದೇಶದ ಸಂಗತಿ ಹೇಳಿದಳು. ಅಲ್ಲಿ ರಸೆಲ್ ಎಂಬ ಅಮೆರಿಕದ ಬಟ್ಟೆ ಕಂಪನಿಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಯೂನಿಯನ್ ಕಟ್ಟಿದರು. 2009ರ ಜನವರಿಯಲ್ಲಿ ಕಂಪನಿ ಆ ಕಾರ್ಖಾನೆಗೆ ಬೀಗ ಹಾಕಿತು. 1,200 ಜನ ಬೀದಿಗೆ ಬಿದ್ದರು. ಇಲ್ಲಿಯ ವಿಶ್ವವಿದ್ಯಾಲಯಗಳ ಹೆಸರು, ಲಾಂಛನಗಳನ್ನು ಅಂಗಿಯ ಮೇಲೆ ಅಚ್ಚು ಹಾಕಲು ಕಂಪನಿಗಳು ಪರವಾನಗಿ ಪಡೆಯಬೇಕು. ಕೆಲಸಗಾರರ ಜೊತೆ ನಿಂತ ವಿದ್ಯಾರ್ಥಿಗಳು ಹಿಡಿದದ್ದು ಅದೇ ಜುಟ್ಟನ್ನು. ಬಾಸ್ಕೆಟ್‌ಬಾಲ್ ಫೈನಲ್ ಪಂದ್ಯಗಳ ಹೊರಗೆ ಪ್ರತಿಭಟಿಸಿದರು, ಆ ಕಂಪನಿಯ ಒಡೆತನದ ತುದಿಯಲ್ಲಿದ್ದ ದೊಡ್ಡ ಸಿರಿವಂತ ವಾರೆನ್ ಬಫೆಟ್ ಅವರ ಮನೆಯ ಬಾಗಿಲನ್ನೂ ತಟ್ಟಿದರು. ನೂರರ ಹತ್ತಿರ ವಿಶ್ವವಿದ್ಯಾಲಯಗಳು ಒಪ್ಪಂದ ಕಡಿದುಕೊಂಡವು. ನಮ್ಮದೂ ಅವುಗಳಲ್ಲಿ ಒಂದು. ಅದೇ ವರ್ಷ ನವೆಂಬರಿನಲ್ಲಿ ಕಂಪನಿ ಮಣಿಯಿತು. ಅಲ್ಲೇ ಹೊಸ ಕಾರ್ಖಾನೆಯೊಂದನ್ನು ತೆರೆದು, ಅದೇ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತು.

ಅಮ್ಮ, ಇದು ಬರಿಯ ‘ಕೊಳ್ಳಬೇಡಿ’ ಅಲ್ಲ. ಹೊಲಿಯುವವರು ತಮಗೇನು ಬೇಕೆಂದು ತಾವೇ ಹೇಳಿದ್ದರು, ಅದು ಸಿಗುವವರೆಗೆ ಕೊಳ್ಳುವವರು ಅವರ ಬೆನ್ನಿಗೆ ನಿಂತರು. ಯಾರನ್ನೂ ಕೇಳದೆ ಅಂಗಡಿಯಿಂದ ಮುಖ ತಿರುಗಿಸಿ ಹೋದರೆ ನಮ್ಮ ಮನಸ್ಸಿಗೆ ಸಮಾಧಾನವಾಗಬಹುದು, ನಿನ್ನ ಲೈನಿನವರಿಗೆ ಏನೂ ಸಿಗುವುದಿಲ್ಲ.

ನಿಮ್ಮ ತುಟ್ಟಿಭತ್ಯೆಯ ವಿಷಯವನ್ನೂ ಸಭೆಯವರಿಗೆ ಹೇಳಿದ್ದೇನೆ. 2020ರ ಏಪ್ರಿಲ್‌ನಿಂದ ಬರಬೇಕಿದ್ದ, ತಿಂಗಳಿಗೆ 417 ರೂಪಾಯಿ ಚಿಲ್ಲರೆ. ರಾಜ್ಯದ ಲಕ್ಷಾಂತರ ಗಾರ್ಮೆಂಟ್ಸ್ ಕೆಲಸಗಾರರಿಗೆ ಅದು ಸಿಗಲಿಲ್ಲ. ಯೂನಿಯನ್‌ಗಳು ಪಟ್ಟು ಹಿಡಿದವು, ವಿದೇಶಿ ಬ್ರ್ಯಾಂಡ್‌ಗಳನ್ನೂ ಹೊರಗಿನವರು ಪ್ರಶ್ನಿಸಿದರು. 2022ರಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು. ನಿನ್ನ ಕೈಗೆ ಬಾಕಿ ಬಂದ ದಿನ ತಂಗಿಯ ಕಾಲೇಜು ಫೀಸು ಕಟ್ಟಿ ಬಂದು, ಎಷ್ಟೋ ದಿನಗಳ ಮೇಲೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆಯಲ್ಲ. ಅಲ್ಲಿಯವರೆಗೆ ಅದು ಪೂರಾ ನಿಮ್ಮದೇ ಹೋರಾಟ ಎಂದುಕೊಂಡಿದ್ದೆ. ಇಲ್ಲಿ ಕುಳಿತು ಪತ್ರ ಬರೆದವರೂ ಇದ್ದರು.

ಈಗ ಒಂದು ಕೇಳಿಕೆ. ಪರವಾನಗಿ ಕೊಡುವಾಗ ವಿಶ್ವವಿದ್ಯಾಲಯ ಕಂಪನಿಗಳಿಂದ ಏನನ್ನು ಬರೆಸಿಕೊಳ್ಳಬೇಕು ಎಂದು ನಾವು ಪಟ್ಟಿ ಮಾಡುತ್ತಿದ್ದೇವೆ. ಮುಂದಿನ ಶನಿವಾರ ಸಭೆ, ರಾತ್ರಿ ಎಂಟಕ್ಕೆ. ನಿನಗೆ ಆಗ ಭಾನುವಾರ ಬೆಳಿಗ್ಗೆ ಆರೂವರೆ. ವೀಡಿಯೊ ಕರೆಯಲ್ಲಿ ನೀನು ಮಾತನಾಡುತ್ತೀಯಾ? ಕಾರ್ಖಾನೆಯ ಹೆಸರು, ನಿನ್ನ ಹೆಸರು ಬೇಡ, ಮುಖವನ್ನೂ ತೋರಿಸಬೇಡ. ಕನ್ನಡದಲ್ಲೇ ಹೇಳು, ನಾನು ಅನುವಾದ ಮಾಡುತ್ತೇನೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹೋರಾಟಕ್ಕೆ ತುಮಕೂರು ರಸ್ತೆಗಿಳಿದು, ಲಾಠಿ ಏಟಿನ ನಡುವೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದವಳು ನೀನು.

ಪುಷ್ಪಕ್ಕನೂ ಬರುವುದಾದರೆ ಕರೆದುಕೋ. ಮೊದಲು ಶೌಚಾಲಯದ ವಿಷಯ ಹೇಳಬೇಕೋ ಸಂಬಳದ್ದೋ, ನೀವಿಬ್ಬರೂ ಮಾತನಾಡಿಕೊಂಡು ಬುಧವಾರದೊಳಗೆ ತಿಳಿಸಿ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು,
ಸುಮಾ